ಕೈಯ ಸಣ್ಣ ಶಸ್ತ್ರಚಿಕಿತ್ಸೆ: ದೊಡ್ಡ ಓಟಿ, ಮೈನರ್ ಓಟಿ, ಕ್ಲಿನಿಕ್ – ಎಲ್ಲಿ ಎಷ್ಟು ಸುರಕ್ಷಿತ?

ಕೈಯ ಸಣ್ಣ ಶಸ್ತ್ರಚಿಕಿತ್ಸೆಯನ್ನು ಎಲ್ಲಿ ಮಾಡಬೇಕೆಂದು ಕೇಳಿದರೆ ನಾವು ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಬರೆಯುವ ಉತ್ತರ ‘ಸಂಪೂರ್ಣ ಸೋಂಕುರಹಿತ ಆಪರೇಷನ್ ಥಿಯೇಟರಿನಲ್ಲಿ (ಓಟಿ)’ ಎಂದು. ಆದರೆ ಮಂಗಳೂರು, ಉಡುಪಿಯ ಆಸ್ಪತ್ರೆಗಳಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವಂತೆ, ಒಂದೇ ಬಗೆಯ ಟ್ರಿಗರ್ ಫಿಂಗರ್ (ಮಡಚಿದರೆ ಸಿಕ್ಕಿಕೊಳ್ಳುವ ಬೆರಳು) ಒಂದು ಕಡೆ ದೊಡ್ಡ ಓಟಿಯ ಪಟ್ಟಿಯ ಕೊನೆಯಲ್ಲಿ ಸಂಜೆಯವರೆಗೆ ಕಾಯುತ್ತದೆ, ಇನ್ನೊಂದು ಕಡೆ ಸಣ್ಣ ಕೆಲಸಗಳಿಗೆಂದೇ ಇರುವ ಮೈನರ್ ಓಟಿಯಲ್ಲಿ ಬೆಳಿಗ್ಗೆಯೇ ಮುಗಿಯುತ್ತದೆ, ಮತ್ತೊಂದು ಕಡೆ ಕ್ಲಿನಿಕ್ಕಿನ ಡ್ರೆಸ್ಸಿಂಗ್ ಕೋಣೆಯಲ್ಲೇ ನಡೆದುಹೋಗುತ್ತದೆ. ಈ ಮೂರು ಜಾಗಗಳ ನಡುವೆ ರೋಗಿಯ ಸುರಕ್ಷತೆಯ ಮಟ್ಟಿಗೆ ಇರುವ ವ್ಯತ್ಯಾಸವೇನು ಎಂಬುದು ಈ ಟಿಪ್ಪಣಿಯ ವಿಷಯ. ಸಣ್ಣ ಶಸ್ತ್ರಚಿಕಿತ್ಸೆ ಎಂದಾಗ ಇಲ್ಲಿ ಮನಸ್ಸಿನಲ್ಲಿರುವುದು ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ಒತ್ತಿದ ನರವನ್ನು ಬಿಡಿಸುವುದು), ಟ್ರಿಗರ್ ಫಿಂಗರ್, ಗ್ಯಾಂಗ್ಲಿಯಾನ್ (ನೀರುಗಂಟು) ಮುಂತಾದ ಶುದ್ಧ, ಅಂದರೆ ಸೋಂಕಿಲ್ಲದ, ಗಾಯದ, ಮೊದಲೇ ದಿನ ಗೊತ್ತುಮಾಡಿದ ಕೆಲಸಗಳು.

ಮೈನರ್ ಓಟಿಯಲ್ಲಿ ಅನುಸರಿಸುವ ಶುಚಿತ್ವಕ್ಕೆ ‘ಫೀಲ್ಡ್ ಸ್ಟೆರಿಲಿಟಿ’ ಎನ್ನುತ್ತಾರೆ. ಕೈಗೆ ಆಂಟಿಸೆಪ್ಟಿಕ್ ಹಚ್ಚಿ, ಒಂದೇ ಸಣ್ಣ ಡ್ರೇಪ್ (ಸ್ಟೆರೈಲ್ ಬಟ್ಟೆ) ಹೊದೆಸಿ, ಮಾಸ್ಕ್ ಮತ್ತು ಸ್ಟೆರೈಲ್ ಗ್ಲೌಸ್ ತೊಟ್ಟು ಕೆಲಸ ಮಾಡುವುದು. ಗೌನ್ ಇಲ್ಲ, ಮೈಪೂರ್ತಿ ಡ್ರೇಪ್ ಇಲ್ಲ. ಇದು ಸಾಕೇ ಎಂಬುದನ್ನು ಕೆನಡಾದ ವೈದ್ಯರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಬಹುಕೇಂದ್ರ ಅಧ್ಯಯನದಲ್ಲಿ, ಹೀಗೆ ಮಾಡಿದ 1504 ಕಾರ್ಪಲ್ ಟನಲ್ ಶಸ್ತ್ರಚಿಕಿತ್ಸೆಗಳಲ್ಲಿ ಆರು ಮೇಲ್ಮೈ ಸೋಂಕುಗಳು ಕಂಡುಬಂದವು, ಅಂದರೆ ಶೇ. 0.4, ಆಳದ ಸೋಂಕು ಒಂದೂ ಇರಲಿಲ್ಲ.

ಈ ಸಂಖ್ಯೆಗಳನ್ನು ಓದುವಾಗ ಎರಡು ಎಚ್ಚರಗಳು ಬೇಕು. ಸೊನ್ನೆ ಎಂದರೆ ಅಪಾಯವೇ ಇಲ್ಲವೆಂದಲ್ಲ. ಒಂದು ಘಟನೆಯೂ ಆಗದಿದ್ದಾಗ 3ನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಅಪಾಯದ ಮೇಲ್ಮಿತಿ ಹೆಚ್ಚುಕಡಿಮೆ ಸಿಗುತ್ತದೆ. ಇಲ್ಲಿ ಅದು ಸುಮಾರು 500ಕ್ಕೆ ಒಂದು. ಎರಡನೆಯದು ಇನ್ನೂ ಮುಖ್ಯವೆಂದು ನನ್ನ ಅಭಿಪ್ರಾಯ. ಯಾವ ರೋಗಿ ಎಲ್ಲಿಗೆ ಹೋಗಬೇಕೆಂದು ಚೀಟಿ ಎತ್ತಿ ನಿರ್ಧರಿಸುವುದಿಲ್ಲ. ಡಯಾಲಿಸಿಸ್ ರೋಗಿ, ಹೃದಯದ ತೊಂದರೆಯಿರುವವರು, ಎರಡನೇ ಬಾರಿ ಕೊಯ್ಯಬೇಕಾದ ಕೈ, ಇವೆಲ್ಲ ದೊಡ್ಡ ಓಟಿಗೇ ಹೋಗುತ್ತವೆ. ಹಾಗಾಗಿ ಎರಡು ಕೋಣೆಗಳ ಸೋಂಕಿನ ಪ್ರಮಾಣವನ್ನು ಪಕ್ಕಪಕ್ಕ ಇಟ್ಟು ಮೈನರ್ ಓಟಿಯೇ ಮೇಲು ಎಂದು ಯಾರಾದರೂ ಬರೆದರೆ, ಮೊದಲು ಆ ರೋಗಿಗಳು ಯಾರೆಂದು ನೋಡಬೇಕು.

ಕೋಣೆ ಬದಲಾಗಲು ದಾರಿ ಮಾಡಿಕೊಟ್ಟಿದ್ದು, ಮರಗಟ್ಟಿಸುವ ಔಷಧದೊಂದಿಗೆ ಬೆರೆಸಿ ಚುಚ್ಚುವ, ರಕ್ತನಾಳಗಳನ್ನು ಸಂಕುಚಿಸುವ ಅಡ್ರಿನಲಿನ್. ಬೆರಳು, ಮೂಗು, ಕಿವಿಗಳಿಗೆ ಅದನ್ನು ಚುಚ್ಚಲೇಬಾರದೆಂದು ನಮ್ಮ ಹಿರಿಯರಿಗೆ ಕಲಿಸಲಾಗಿತ್ತು. ಬೆರಳು ಕೊಳೆತ ಹಳೆಯ ವರದಿಗಳಲ್ಲಿ ಹೆಚ್ಚಿನವು 1950ಕ್ಕೂ ಹಿಂದಿನವು. ಆಗ ಮರಗಟ್ಟಿಸಲು ಬಳಸುತ್ತಿದ್ದ ಪ್ರೊಕೇನ್ ಹಳೆಯದಾದಂತೆ ತೀವ್ರ ಆಮ್ಲೀಯವಾಗುತ್ತಿತ್ತು, ಅಪರಾಧ ಅಡ್ರಿನಲಿನ್ ಮೇಲೆ ಬಿತ್ತು. ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಸಹವೈದ್ಯರು 2005ರಲ್ಲಿ ಪ್ರಕಟಿಸಿದ, ಕೈ ಮತ್ತು ಬೆರಳುಗಳಿಗೆ ಅಡ್ರಿನಲಿನ್ ಕೊಟ್ಟ 3110 ಪ್ರಕರಣಗಳಲ್ಲಿ ಒಂದು ಬೆರಳೂ ಕೊಳೆಯಲಿಲ್ಲ. ರಕ್ತಸ್ರಾವವನ್ನು ಔಷಧವೇ ತಡೆಯುವುದರಿಂದ ತೋಳಿಗೆ ಟೂರ್ನಿಕೆಟ್ (ರಕ್ತ ಹರಿಯದಂತೆ ಕಟ್ಟುವ ಬಿಗಿಪಟ್ಟಿ) ಬೇಡ. ಟೂರ್ನಿಕೆಟ್ಟಿನ ನೋವಿಲ್ಲದಿದ್ದರೆ ಮಂಪರು ಔಷಧ ಬೇಡ. ಹಾಗಾಗಿ ಉಪವಾಸವೂ ಬೇಡ, ಮಧುಮೇಹದವರು ಬೆಳಗಿನ ತಿಂಡಿ, ಮಾತ್ರೆ ತಪ್ಪಿಸಬೇಕಾಗಿಲ್ಲ. ಆದರೂ ಬೆರಳಿನ ರಕ್ತಸಂಚಾರ ಮೊದಲೇ ಕೆಟ್ಟಿರುವವರಲ್ಲಿ ಈ ವಿಧಾನ ಸಲ್ಲದು, ಮತ್ತು ಬಿಳಿಚಿದ ಬೆರಳಿಗೆ ಬಣ್ಣ ಮರಳದಿದ್ದರೆ ಚುಚ್ಚಲು, ಅಡ್ರಿನಲಿನ್ ಪರಿಣಾಮವನ್ನು ಅಳಿಸುವ ಫೆಂಟೊಲಮೈನ್ ಕೈಗೆಟಕುವಂತಿರಬೇಕು.

ಒಂದು ಉದಾಹರಣೆ ನೋಡೋಣ. ಕಾಪು ಕಡೆಯ, ಐವತ್ತು ದಾಟಿದ, 50 ಕಿಲೋ ತೂಕದ ಒಬ್ಬ ಅಕ್ಕ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ಮಧುಮೇಹವಿದೆ, ಬಲಗೈಯ ನಡುಬೆರಳು ಮಡಚಿದರೆ ಸಿಕ್ಕಿಕೊಳ್ಳುತ್ತದೆ, ಎಡಗೈಯಿಂದ ಎಳೆದು ಬಿಡಿಸಬೇಕು. ಅಡ್ರಿನಲಿನ್ ಬೆರೆತ ಲಿಗ್ನೊಕೇನಿನ (ಮರಗಟ್ಟಿಸುವ ಔಷಧ) ಮಿತಿ ಕಿಲೋಗೆ 7 ಮಿಲಿಗ್ರಾಂ. ಅವರಿಗೆ 350 ಮಿಲಿಗ್ರಾಂ. ಶೇ. 1ರ ದ್ರಾವಣವಾದರೆ ಇದು 35 ಮಿಲಿಲೀಟರ್, ಶೇ. 2ರದ್ದಾದರೆ ಹದಿನೇಳೂವರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 30 ಮಿಲಿಲೀಟರಿನ ಶೇ. 2ರ ಬಾಟಲಿಯಲ್ಲಿ 600 ಮಿಲಿಗ್ರಾಂ ಇದೆ ಎಂಬುದನ್ನು ಮರೆಯಬಾರದು. ಟ್ರಿಗರ್ ಫಿಂಗರಿಗೆ ನಾಲ್ಕೈದು ಮಿಲಿಲೀಟರ್ ಸಾಕಾದ್ದರಿಂದ ಆತಂಕವಿಲ್ಲ. ಎರಡು ಮೂರು ಕಡೆ ಒಟ್ಟಿಗೆ ಮಾಡಲು ಹೊರಟಾಗಲೇ ಲೆಕ್ಕ ತಪ್ಪುವುದು.

ರೋಗಿಯನ್ನು ಮಲಗಿಸಿಯೇ ಚುಚ್ಚಬೇಕು, ಏಕೆಂದರೆ ಕುರ್ಚಿಯಲ್ಲಿ ಕುಳಿತವರು ತಲೆಸುತ್ತಿ ಬೀಳುವುದು ಕ್ಲಿನಿಕ್ಕಿನಲ್ಲಿ ಅತಿ ಸಾಮಾನ್ಯವಾದ ಅವಘಡ. ಆಮೇಲೆ ಕಾಯಬೇಕು. ಏಳು ನಿಮಿಷ ಸಾಕೆಂದು ಹಳೆಯ ಪಾಠ. 2013ರ ಅಧ್ಯಯನವೊಂದರಲ್ಲಿ ರಕ್ತನಾಳಗಳು ಪೂರ್ತಿ ಸಂಕುಚಿತವಾಗಲು ಸುಮಾರು 26 ನಿಮಿಷ ಹಿಡಿಯಿತು. ಅವಸರದ ಕ್ಲಿನಿಕ್ಕಿನಲ್ಲಿ ಮೊದಲು ಬಲಿಯಾಗುವುದು ಈ ಅರ್ಧ ಗಂಟೆಯೇ. ಆಗ ಗಾಯದಲ್ಲಿ ರಕ್ತ ತುಂಬಿ ಬೆರಳಿನ ನರ ಕಾಣದಂತಾಗುತ್ತದೆ. ಕಾದರೆ ಅಂಗೈ ಬೆಳ್ಳಗಾಗಿ, A1 ಪುಲ್ಲಿಯ (ಬೆರಳ ಬುಡದಲ್ಲಿ ಸ್ನಾಯುರಜ್ಜನ್ನು ಹಿಡಿದಿಡುವ ಪಟ್ಟಿ) ಅಡ್ಡ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ಕತ್ತರಿಸಿ, ಹೊಲಿಗೆಗೆ ಮೊದಲು ‘ಅಕ್ಕಾ, ಮುಷ್ಟಿ ಕಟ್ಟಿ, ಈಗ ಬಿಡಿಸಿ’ ಎಂದರೆ, ಸ್ನಾಯುರಜ್ಜು ಗಾಯದೊಳಗೆ ಹಿಂದೆ ಮುಂದೆ ಜಾರುವುದನ್ನೂ ಸಿಕ್ಕು ಮಾಯವಾದುದನ್ನೂ ಕಣ್ಣಾರೆ ನೋಡಬಹುದು. ಪೂರ್ಣ ಅರಿವಳಿಕೆಯಲ್ಲಿ ನಿದ್ರಿಸುತ್ತಿರುವ ರೋಗಿಯಿಂದ ಈ ಖಾತರಿ ದೊರೆಯುವುದಿಲ್ಲ.

ಬೆರಳಿನ ಹೆಸರಿನ ಬಗ್ಗೆ ಒಂದು ಮಾತು. ನಾನು ಕೆಲಸ ಕಲಿತ ಒಂದು ಕಡೆ ಚೀಟಿಯಲ್ಲಿ ‘3ನೇ ಬೆರಳು’ ಎಂದಿತ್ತು. ಬರೆದವರು ಹೆಬ್ಬೆರಳಿನಿಂದ ಎಣಿಸಿದ್ದರು, ನಾನು ತೋರುಬೆರಳಿನಿಂದ ಎಣಿಸಿ ಉಂಗುರಬೆರಳಿಗೆ ಆಂಟಿಸೆಪ್ಟಿಕ್ ಹಚ್ಚುತ್ತಿದ್ದೆ. ರೋಗಿಯೇ ತುಳುವಿನಲ್ಲಿ ‘ಅವತ್ತ್’ (ಅದಲ್ಲ) ಎಂದು ತಡೆದರು. ಅಂದಿನಿಂದ ನಾನು ಅಂಕಿ ಬರೆಯುವುದಿಲ್ಲ, ಹೆಸರನ್ನೇ ಬರೆದು ಬೆರಳಿಗೆ ಪೆನ್ನಿನಿಂದ ಗುರುತು ಹಾಕುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ದೊಡ್ಡ ಓಟಿಯ ಗೋಡೆಯ ಮೇಲಿರುತ್ತದೆ, ಡ್ರೆಸ್ಸಿಂಗ್ ಕೋಣೆಯಲ್ಲಿ ಇರುವುದಿಲ್ಲ. ರಕ್ತ ತಡೆಯಲು ಬೆರಳ ಬುಡಕ್ಕೆ ಗ್ಲೌಸಿನ ತುಂಡನ್ನು ಕಟ್ಟಿ, ತೆಗೆಯಲು ಮರೆತು, ಮೇಲೆ ಬ್ಯಾಂಡೇಜ್ ಸುತ್ತಿ ಬೆರಳು ಕಳೆದುಕೊಳ್ಳುವ ದುರಂತ ನಡೆಯುವುದೂ ಇಂಥ ಕೋಣೆಗಳಲ್ಲೇ. ಕಟ್ಟಲೇಬೇಕಾದರೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಸಿ, ಅದಕ್ಕೆ ಆರ್ಟರಿ ಫೋರ್ಸೆಪ್ಸ್ (ಚಿಮಟದಂಥ ಉಪಕರಣ) ಸಿಕ್ಕಿಸಿಡಬೇಕು.

ಲಿಗ್ನೊಕೇನ್ ರಕ್ತನಾಳಕ್ಕೆ ಹೋದರೆ ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಸದ್ದು, ಆಮೇಲೆ ಫಿಟ್ಸ್ ಬರಬಹುದು. ಆಗ ಆಕ್ಸಿಜನ್, ಉಸಿರು ಕೊಡುವ ಅಂಬು ಬ್ಯಾಗ್, ಔಷಧದ ವಿಷವನ್ನು ತಗ್ಗಿಸುವ ಶೇ. 20ರ ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಬೇಕು, ಕಿಲೋಗೆ 1.5 ಮಿಲಿಲೀಟರಿನಂತೆ ಆ ಅಕ್ಕನಿಗೆ 75 ಮಿಲಿಲೀಟರ್. ಇವು ಇಲ್ಲದ, ಬಳಸಲು ಬಾರದ ಕ್ಲಿನಿಕ್ಕಿನಲ್ಲಿ ಗಾಳಿ ಎಷ್ಟೇ ಶುದ್ಧವಾಗಿದ್ದರೂ ಕೊಯ್ಯುವುದು ತಪ್ಪೆಂದೇ ನಾನು ಹೇಳುತ್ತೇನೆ.

ಇನ್ನು ಮಲ್ಪೆಯ ಮೀನುಗಾರರ ಕೈಗಳು. ಮೀನಿನ ಮುಳ್ಳು ಚುಚ್ಚಿ ಎರಡು ದಿನದ ಮೇಲೆ ಬಂದ ಬೆರಳು ಸಣ್ಣದಾಗಿ ಕಂಡರೂ ಸಣ್ಣ ಕೆಲಸವಲ್ಲ. ಬೆರಳಿಡೀ ಊದಿದೆಯೇ, ಅರೆಮಡಚಿ ನಿಂತಿದೆಯೇ, ಸ್ನಾಯುರಜ್ಜಿನ ಕವಚದುದ್ದಕ್ಕೂ ಒತ್ತಿದರೆ ನೋವಿದೆಯೇ, ನಾವು ನೇರ ಮಾಡಲು ಹೋದರೆ ಚೀರುತ್ತಾರೆಯೇ ಎಂಬ ಕನಾವೆಲ್ ಚಿಹ್ನೆಗಳು ನಾಲ್ಕನ್ನೂ ನೋಡಬೇಕು. ಇವು ಇದ್ದರೆ ಕವಚದೊಳಗೆ ಕೀವಿದೆ, ದೊಡ್ಡ ಓಟಿಯೇ ಗತಿ. ಕಡಲ ನೀರಿನ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಹರಡಬಲ್ಲದು; ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಇನ್ನೊಂದು ವಾರಗಟ್ಟಲೆ ಸುಮ್ಮನಿದ್ದು ಗಂಟಾಗಿ ಕಾಣಿಸಿಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಬಿಡುವಿನಲ್ಲಿ ತೋರಿಸಲು ಬರುವ ಹಳೆಯ ಗಂಟನ್ನು ಗ್ಯಾಂಗ್ಲಿಯಾನ್ ಎಂದು ಮೈನರ್ ಓಟಿಗೆ ಬರೆಯುವ ಮೊದಲು ಮುಳ್ಳು ಚುಚ್ಚಿತ್ತೇ ಎಂದು ಕೇಳಿ.

ಅಕ್ಕನ ಕಥೆ ಮನೆಗೆ ಹೋದ ಮೇಲೂ ಮುಂದುವರಿಯುತ್ತದೆ. ಶುದ್ಧ ಗಾಯಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಮಳೆಗಾಲದಲ್ಲಿ ಒದ್ದೆಯಾದ ಡ್ರೆಸ್ಸಿಂಗನ್ನು ಅಂದೇ ಬದಲಿಸುವುದು ಅದಕ್ಕಿಂತ ಮುಖ್ಯ. ಬಸ್ಸಿನಲ್ಲಿ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಬೆರಳನ್ನು ಅಂದೇ ಆಡಿಸಬೇಕು, ಮೂರನೇ ದಿನದ ನಂತರ ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ ಕರೆಮಾಡಬೇಕು. ಹೊಲಿಗೆ 10ರಿಂದ 14 ದಿನಗಳಲ್ಲಿ ತೆಗೆಯುತ್ತೇವೆ. ಅವರು ಹೊರಡುವಾಗ ಕೇಳಿದ ಪ್ರಶ್ನೆ ಒಂದೇ, ಬೀಡಿಗೆ ಯಾವಾಗ ಕುಳಿತುಕೊಳ್ಳಬಹುದು ಎಂದು. ಹೊಲಿಗೆ ತೆಗೆದ ಮೇಲೆ ಮೊದಲು ನೂಲು ಕಟ್ಟುವ ಕೆಲಸ, ಎಲೆ ಕತ್ತರಿಸುವ ಕತ್ತರಿ ಆಮೇಲೆ ಎಂದು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆವು.