ಬಚ್ಚಲಿನ ವಾಸನೆಗೆ ಎರಡು ಇಂಚು ನೀರು

ಬಚ್ಚಲುಮನೆ ನಾರುತ್ತಿದೆ ಎಂದು ಕರೆ ಬಂದಾಗ ನಾನು ಮೊದಲು ಕೇಳುವುದು, "ನೆಲದ ಜಾಲಿ ಎತ್ತಿ ನೋಡಿದಿರಾ?" ಎಂದು. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಫಿನಾಯಿಲ್ ಹಾಕಿ ತೊಳೆಯುತ್ತೇವೆ ಸರ್, ಗೋಡೆಗೆ ಸುವಾಸನೆಯ ಪೊಟ್ಟಣ ನೇತುಹಾಕಿದ್ದೇವೆ, ನುಸಿಗುಳಿಗೆಯೂ ಇಟ್ಟಿದ್ದೇವೆ." ಕೊಳಾಯಿ ಮತ್ತು ಒಳಚರಂಡಿ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ನನಗೆ ಈ ಉತ್ತರ ಕೇಳಿದಾಗಲೆಲ್ಲ ಬೇಸರವಾಗುತ್ತದೆ. ತೊಳೆಯುವುದರಲ್ಲಿ ನಮ್ಮ ಮನೆಗಳವರು ಏನೂ ಕಡಿಮೆಯಿಲ್ಲ, ಮಂಡಿಯೂರಿ ಟೈಲ್ಸ್ ಉಜ್ಜುತ್ತಾರೆ. ಆದರೆ ಆ ವಾಸನೆ ಹುಟ್ಟುತ್ತಿರುವುದು ನೆಲದ ಮೇಲಲ್ಲ, ನೆಲದ ಕೆಳಗಿನ ಕೊಳವೆಯಲ್ಲಿ.

ಜಾಲಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರೊಳಗೆ ಸುಮಾರು 50 ಮಿಲಿಮೀಟರ್, ಅಂದರೆ ಎರಡು ಇಂಚಿನಷ್ಟು ನೀರು ಸದಾ ತಡೆಯಾಗಿ ನಿಂತಿರಬೇಕು. ಈ ಕಡೆ ನಿಮ್ಮ ಬಚ್ಚಲುಮನೆ, ಆ ಕಡೆ ಕೊಳವೆ, ಚೇಂಬರು, ಬೀದಿಯ ಒಳಚರಂಡಿ. ನಡುವೆ ಇರುವ ಬಾಗಿಲು ಆ ನೀರೊಂದೇ. ಕಮೋಡಿನ ತಳದಲ್ಲಿ ಕಾಣುವ ನೀರು ಮಾಡುವುದೂ ಇದೇ ಕೆಲಸವನ್ನು. 1775ರಲ್ಲಿ ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತ ಶೌಚದ ಕೊಳವೆಯನ್ನು ಎಸ್ ಆಕಾರಕ್ಕೆ ಬಗ್ಗಿಸಿ ನೀರು ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದ. ಇಷ್ಟು ವರ್ಷವಾದರೂ ಅದಕ್ಕಿಂತ ಸರಳವಾದ, ಅಗ್ಗವಾದ ಉಪಾಯ ಬಂದಿಲ್ಲ.

ಈ ನೀರು ಇಲ್ಲವಾದರೆ ಚರಂಡಿಯ ಗಾಳಿ ನೇರವಾಗಿ ಮನೆಗೆ ಬರುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಜೊತೆಗೆ ಜಿರಲೆಗಳೂ ಅದೇ ದಾರಿಯಲ್ಲಿ ಬರುತ್ತವೆ.

ಜನ ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫಿನಾಯಿಲ್ ಹಾಕಿದಾಗ ವಾಸನೆ ನಿಜವಾಗಿಯೂ ಹೋಗುತ್ತದೆ, ಅದು ಭ್ರಮೆಯಲ್ಲ. ಆದರೆ ಫಿನಾಯಿಲನ್ನು ಯಾರೂ ಹಾಗೆಯೇ ಸುರಿಯುವುದಿಲ್ಲ. ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ, ನೆಲಕ್ಕೆ ಚೆಲ್ಲಿ, ಉಜ್ಜಿ, ಮತ್ತೆ ನೀರು ಹಾಕಿ ತೊಳೆಯುತ್ತಾರೆ. ಆ ನೀರು ಟ್ರ್ಯಾಪಿಗೆ ಇಳಿದು ಒಣಗಿದ್ದ ಜಾಗವನ್ನು ತುಂಬುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಕೆಲಸ ಮಾಡಿದ್ದು ನೀರು, ಹೆಸರು ಬಂದದ್ದು ಫಿನಾಯಿಲಿಗೆ. ಬಚ್ಚಲು ಬಳಸದೆ ಬಿಟ್ಟರೆ ಕೆಲವು ವಾರಗಳಲ್ಲಿ ನೀರು ಮತ್ತೆ ಆರುತ್ತದೆ, ವಾಸನೆ ಮರಳುತ್ತದೆ. ಆಗ ಮನೆಯವರು "ಈ ಫಿನಾಯಿಲಿನಲ್ಲಿ ಸತ್ವವಿಲ್ಲ" ಎಂದು ಇನ್ನೂ ದುಬಾರಿಯದನ್ನು ತರುತ್ತಾರೆ. ಒಂದು ಚೊಂಬು ಬರಿಯ ನೀರು ಹಾಕಿ, ಅರ್ಧ ಗಂಟೆ ಕಿಟಕಿ ತೆರೆದಿಟ್ಟು, ಆಮೇಲೆ ಮೂಸಿ ನೋಡಿ ಎಂದರೆ ನಂಬುವವರು ಕಡಿಮೆ.

ಮೈಸೂರಿನಲ್ಲಿ ನಿವೃತ್ತ ಶಿಕ್ಷಕ ದಂಪತಿಯ ಮನೆಗೆ ಹೋಗಿದ್ದೆ. ಕೆಳಗಡೆ ಇಬ್ಬರೇ ವಾಸ. ಮಹಡಿಯ ಮೇಲೆ ವಿದೇಶದಲ್ಲಿರುವ ಮಗಳ ಕೋಣೆ, ಅದಕ್ಕೆ ಸೇರಿದ ಬಚ್ಚಲು. ಮಗಳು ಬಂದಾಗ ಹೊಸದರಂತೆ ಇರಲಿ ಎಂದು ಆ ಬಚ್ಚಲನ್ನು ಯಾರಿಗೂ ಬಳಸಲು ಬಿಡದೆ, ಒರೆಸಿ ಬೀಗ ಹಾಕಿದ್ದರು. "ಒಂದು ಹನಿ ನೀರೂ ಬಿದ್ದಿಲ್ಲ, ಆದರೂ ಹೇಗೆ ನಾರುತ್ತದೆ ನೋಡಿ" ಎಂದು ಆ ತಾಯಿ ನೊಂದುಕೊಂಡರು. ಹನಿ ನೀರು ಬೀಳದಿದ್ದುದೇ ಕಾರಣ. ಜಾಲಿ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟೆ. ನೀರಿದ್ದರೆ ಬೆಳಕು ಕನ್ನಡಿಯ ಹಾಗೆ ತಿರುಗಿ ಹೊಳೆಯಬೇಕು. ಅಲ್ಲಿ ಕಂಡದ್ದು ಬಿರುಕುಬಿಟ್ಟ ಬೂದುಬಣ್ಣದ ಸಾಬೂನಿನ ಗಸಿ, ಒಂದು ಕೂದಲಿನ ಸಿಕ್ಕು. ವಾರಕ್ಕೊಮ್ಮೆ ಜಾಲಿಗೆ ಒಂದು ಚೊಂಬು ನೀರು ಹಾಕಿ, ಕಮೋಡನ್ನು ಒಮ್ಮೆ ಫ್ಲಶ್ ಮಾಡಿ ಎಂದು ಹೇಳಿ ಬಂದೆ. ಆಮೇಲೆ ಆ ಮನೆಯಿಂದ ದೂರು ಬರಲಿಲ್ಲ.

ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರಿಗೂ ಇದೇ ಮಾತು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಟ್ರ್ಯಾಪ್ ಇನ್ನೂ ಬೇಗ ಒಣಗುತ್ತದೆ. ಹೊರಡುವ ಮುನ್ನ ಜಾಲಿಗೆ ನೀರು ತುಂಬಿಸಿ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಆವಿಯಾಗುವುದನ್ನು ನಿಧಾನಿಸುತ್ತದೆ. ತುಪ್ಪ, ಕೊಬ್ಬರಿ ಎಣ್ಣೆ ಬೇಡ, ಚಳಿಯಲ್ಲಿ ಗಟ್ಟಿಯಾಗುತ್ತವೆ.

ನೀರು ಆರದಿದ್ದರೂ ಬಾಗಿಲು ಮುರಿದಿರಬಹುದು. ಹಲವು ಟ್ರ್ಯಾಪುಗಳಲ್ಲಿ ಜಾಲಿಯ ಅಡಿಗೆ ಬೋರಲು ಹಾಕಿದ ಬಟ್ಟಲಿನಂಥ ಭಾಗವಿರುತ್ತದೆ. ನೀರಿನ ತಡೆ ನಿಲ್ಲುವುದು ಅದರಿಂದಲೇ. ಕೂದಲು ಸೇರಿ ನೀರು ನಿಧಾನವಾಗಿ ಇಳಿಯತೊಡಗಿದಾಗ ಯಾರೋ ಅದನ್ನು ಕಿತ್ತು ಮೂಲೆಗಿಡುತ್ತಾರೆ. ನೀರು ಸರಾಗವಾಗಿ ಹೋಗುತ್ತದೆ, ಎಲ್ಲರಿಗೂ ಸಮಾಧಾನ. ಮೂರನೆಯ ದಿನದಿಂದ ವಾಸನೆ! ಆ ಬಟ್ಟಲು ಕಸವಲ್ಲ. ಬಿಸಿನೀರಿನಲ್ಲಿ ಉಜ್ಜಿ, ಕೂದಲು ತೆಗೆದು, ಅದರ ಜಾಗಕ್ಕೇ ಮತ್ತೆ ಕೂರಿಸಬೇಕು. ವಾಷಿಂಗ್ ಮಷೀನಿನ ಪೈಪ್ ತೂರಿಸಲು ಜಾಲಿಯನ್ನು ಓರೆಯಾಗಿ ಎತ್ತಿಡುವುದು, ವಾಷ್ ಬೇಸಿನ್ನಿನ ಸುರುಳಿ ಪೈಪನ್ನು ನೆಲದ ತೂತಿಗೆ ಸುಮ್ಮನೆ ಇಳಿಬಿಟ್ಟು ಸುತ್ತಲಿನ ಸಂದನ್ನು ಹಾಗೆಯೇ ಬಿಡುವುದು ಕೂಡ ಇದೇ ಜಾತಿಯ ತಪ್ಪುಗಳು.

ಎಕ್ಸಾಸ್ಟ್ ಫ್ಯಾನಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲ ಕೆಳಗೆ ಸಂದಿಲ್ಲದೆ, ಟ್ರ್ಯಾಪಿನಲ್ಲಿ ನೀರೂ ಇಲ್ಲದಿದ್ದರೆ ಫ್ಯಾನ್ ಚರಂಡಿಯಿಂದಲೇ ಗಾಳಿ ಎಳೆಯುತ್ತದೆ. ಫ್ಯಾನ್ ಹಾಕಿದಷ್ಟೂ ವಾಸನೆ ಹೆಚ್ಚು ಎನ್ನುವ ಮನೆಗಳಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ. ಪರೀಕ್ಷೆ ಸುಲಭ: ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಒಣಗಿದ ಜಾಲಿಯ ಮೇಲೆ ಟಿಶ್ಯೂ ಕಾಗದದ ತೆಳುವಾದ ಚೂರು ಇಡಿ. ಅದು ಅದುರಿ ಮೇಲೇಳುತ್ತಿದ್ದರೆ ಗಾಳಿ ಬರುತ್ತಿರುವುದು ಕೊಳವೆಯಿಂದ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ 300ಕ್ಕೂ ಹೆಚ್ಚು ಜನರಿಗೆ ತಗುಲಿತು. ತನಿಖೆ ನಡೆಸಿದವರು ಬೊಟ್ಟು ಮಾಡಿದ ಕಾರಣಗಳಲ್ಲಿ ಬಚ್ಚಲುಮನೆಗಳ ಒಣಗಿದ ಟ್ರ್ಯಾಪುಗಳೂ, ಅವುಗಳ ಮೂಲಕ ಕೊಳವೆಯ ಗಾಳಿಯನ್ನು ಎಳೆದ ಎಕ್ಸಾಸ್ಟ್ ಫ್ಯಾನುಗಳೂ ಇದ್ದವು. ನಿಮ್ಮ ಮನೆಯಲ್ಲಿ ಹಾಗಾಗುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಆ ಎರಡು ಇಂಚು ನೀರನ್ನು ಹಗುರವಾಗಿ ಕಾಣಬೇಡಿ.

ಎಲ್ಲ ವಾಸನೆಯೂ ಟ್ರ್ಯಾಪಿನದೇ ಎನ್ನಲಾರೆ. ಮೂಗಿಗೆ ಚುಚ್ಚುವ ಅಮೋನಿಯದ ವಾಸನೆಯಾದರೆ ಕಮೋಡಿನ ಬುಡದ ಸಂದು, ಸೀಟಿನ ತಿರುಗಣೆಗಳನ್ನು ನೋಡಿ. ಬೋರ್‌ವೆಲ್ಲಿನ ಗಡಸು ನೀರು ಬಿಡುವ ಬಿಳಿ ಪದರದಲ್ಲಿ ಮೂತ್ರ ಹಿಡಿದುಕೊಳ್ಳುತ್ತದೆ. ಮುಗ್ಗಲು ವಾಸನೆಯಾದರೆ ಕಾಲೊರಸು, ಒದ್ದೆ ಟವಲು. ಇವು ತೊಳೆದರೆ, ಒಣಗಿಸಿದರೆ ಹೋಗುತ್ತವೆ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಮಾತ್ರ ಎಂದೂ ಜೊತೆಗೆ ಬಳಸಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ, ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಪುಟ್ಟ ಮಕ್ಕಳಿರುವ ಮನೆಯಲ್ಲಿ ನುಸಿಗುಳಿಗೆಯೂ ಬೇಡ. ಮಗು ಮಿಠಾಯಿ ಎಂದುಕೊಂಡು ಬಾಯಿಗೆ ಹಾಕಿಕೊಂಡರೆ ರಕ್ತಕಣಗಳಿಗೆ ಹಾನಿಯಾಗಬಹುದು.

ನೀರು ಹಾಕಿದರೂ ರಾತ್ರಿ ಕಳೆಯುವುದರೊಳಗೆ ಟ್ರ್ಯಾಪ್ ಖಾಲಿಯಾಗುತ್ತಿದ್ದರೆ, ಮೇಲಿನ ಮಹಡಿಯವರು ಫ್ಲಶ್ ಮಾಡಿದಾಗ ನಿಮ್ಮ ಜಾಲಿ ಗುಳುಗುಳು ಎನ್ನುತ್ತಿದ್ದರೆ, ಕೊಳವೆಗೆ ಗಾಳಿಯಾಡಲು ಬಿಡುವ ವೆಂಟ್ ಪೈಪ್ ಕಟ್ಟಿರುವ ಅಥವಾ ಇಲ್ಲದಿರುವ ಸಂಭವ ಹೆಚ್ಚು. ಇಳಿಯುವ ನೀರಿನ ಹಿಂದೆ ಗಾಳಿ ಬರಲು ದಾರಿಯಿಲ್ಲದಾಗ ಅದು ಟ್ರ್ಯಾಪಿನ ನೀರನ್ನೇ ಹೀರಿಕೊಂಡು ಹೋಗುತ್ತದೆ. ಹಳೆಯ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುವಾಗ ವೆಂಟ್ ಪೈಪನ್ನು ತಾರಸಿಯ ಮೇಲಿನವರೆಗೆ ಒಯ್ಯದೆ, ಹೊಸ ಕೋಣೆಯ ಕಿಟಕಿಯ ಪಕ್ಕದಲ್ಲೇ ಕತ್ತರಿಸಿ ಬಿಟ್ಟಿರುವುದನ್ನೂ ಕಂಡಿದ್ದೇನೆ. ಇದನ್ನು ಫೋನಿನಲ್ಲಿ ನಿರ್ಧರಿಸಲಾಗದು, ಬಲ್ಲವರು ಬಂದು ನೋಡಬೇಕು.

ಚೇಂಬರು ಕಟ್ಟಿಕೊಂಡು ವಾಸನೆ ಬರುತ್ತಿದ್ದರೆ ರಭಸದ ನೀರಿನಿಂದ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರ ತರಿಸಿ. ಶೌಚಗುಂಡಿಯಾದರೆ ಹೊಲಸನ್ನು ಹೀರಿ ತೆಗೆಯುವ ಸಕ್ಕಿಂಗ್ ಯಂತ್ರ. "ಯಾರನ್ನಾದರೂ ಕರೆದು ಒಳಗಿಳಿಸಿ, ದುಡ್ಡು ಎಷ್ಟಾದರೂ ಕೊಡುತ್ತೇವೆ" ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ, ಇಳಿದವನಿಗೆ ಎಚ್ಚರಿಕೆಯೂ ಸಿಗದೆ ಉಸಿರು ನಿಲ್ಲುತ್ತದೆ. ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಸುರಕ್ಷಾ ಸಾಧನವಿಲ್ಲದೆ ಮನುಷ್ಯನನ್ನು ಒಳಚರಂಡಿಗೋ ಶೌಚಗುಂಡಿಗೋ ಇಳಿಸುವುದು ಅಪರಾಧ. ಅಂಥ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಹೊಸ ಮನೆ ಕಟ್ಟಿಸುತ್ತಿರುವವರು ಟೈಲ್ಸ್ ಹಾಕುವ ಮೊದಲು ಒಮ್ಮೆ ಬಚ್ಚಲಿಗೆ ಹೋಗಿ. ಟ್ರ್ಯಾಪಿಗೆ ನೀರು ಹಾಕಿ, ಮಟ್ಟಕ್ಕೆ ಸೀಮೆಸುಣ್ಣದ ಗುರುತು ಎಳೆದು, ಮಾರನೆಯ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಮೇಸ್ತ್ರಿಯನ್ನು ಕರೆಸಿ, ಆಗಲೇ ಸರಿ ಮಾಡಿಸಿ. ಟೈಲ್ಸ್ ಹಾಕಿದ ಮೇಲೆ ಅದೇ ಕೆಲಸಕ್ಕೆ ನೆಲ ಒಡೆಯಬೇಕಾಗುತ್ತದೆ.