ರಾಕ್ ಕ್ರಾಲರ್ ಟಿಪ್ಪಣಿ: ಮೊದಲು ಬ್ಯಾಟರಿಯ ಜಾಗ ಬದಲಿಸಿ

ರಿಮೋಟ್ ಗಾಡಿ ಅಂದರೆ ಓಟ ಅಂತಲೇ ನಾನೂ ಅಂದುಕೊಂಡಿದ್ದೆ. ಹಾಗಾಗಿ ನನ್ನ 1:10 ಅಳತೆಯ ಕ್ರಾಲರ್‌ಗೆ (ಬಂಡೆಗಳ ಮೇಲೆ ನಿಧಾನವಾಗಿ ಹತ್ತುವ ರಿಮೋಟ್ ಗಾಡಿ) ಮೊದಲು ಹಾಕಿಸಿದ್ದು ಜೋರಾದ ಮೋಟರ್. ಮೊದಲ ಬಂಡೆಗೇ ಗಾಡಿ ಹಿಂದಕ್ಕೆ ಪಲ್ಟಿ. ಮತ್ತೆ ನಿಲ್ಲಿಸಿದೆ, ಮತ್ತೆ ಪಲ್ಟಿ. ತೂಕ ಎಲ್ಲಿ ಕೂತಿದೆ ಎಂದು ನೋಡದೆ ಶಕ್ತಿ ತುಂಬಿದ್ದೇ ತಪ್ಪಾಗಿತ್ತು.

ತೂಕವನ್ನು ಅಳೆಯುವುದು

ಗಾಡಿಯನ್ನು ಹಲಗೆಯ ಮೇಲೆ ಅಡ್ಡಕ್ಕೆ ನಿಲ್ಲಿಸಿ. ಕೆಳಗಿನ ಚಕ್ರ ಜಾರದಂತೆ ತೆಳು ಪಟ್ಟಿಯೊಂದನ್ನು ಒತ್ತಾಗಿಡಿ. ಹಲಗೆಯ ಇನ್ನೊಂದು ಬದಿಯನ್ನು ನಿಧಾನವಾಗಿ ಎತ್ತಿ. ಮೇಲಿನ ಚಕ್ರಗಳು ಹಲಗೆ ಬಿಟ್ಟ ಕ್ಷಣದಲ್ಲಿ ಕೋನ ಎಷ್ಟಿದೆ ಎಂದು ಮೊಬೈಲ್‌ನ ಲೆವೆಲ್ ಆ್ಯಪ್‌ನಲ್ಲಿ ನೋಡಿ. 45 ಡಿಗ್ರಿ ಬಂದರೆ, ಗುರುತ್ವ ಕೇಂದ್ರದ ಎತ್ತರ ಗಾಡಿಯ ಅಗಲದ ಅರ್ಧದಷ್ಟಿದೆ ಎಂದರ್ಥ. ಅಗಲವನ್ನು ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಕೋನ ಹೆಚ್ಚಿದಷ್ಟೂ ಕೇಂದ್ರ ಕೆಳಗಿದೆ. ಸ್ಪ್ರಿಂಗ್ ಒಂದು ಕಡೆ ಕುಸಿಯುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಬದಲಾವಣೆಗೆ ಮುಂಚೆ ಮತ್ತು ಆಮೇಲೆ ಹೋಲಿಸಲು ಇಷ್ಟು ಸಾಕು.

ಮುಂದು ಹಿಂದಿನ ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಮುಂದಿನ ಚಕ್ರಗಳನ್ನು ತಕ್ಕಡಿ ಮೇಲಿಟ್ಟು, ಹಿಂದಿನವನ್ನು ಅದೇ ಎತ್ತರದ ಪುಸ್ತಕದ ಮೇಲಿಡಿ. ಆಮೇಲೆ ಅದಲು ಬದಲು ಮಾಡಿ.

ತೂಕ ಮುಂದಕ್ಕೂ ಕೆಳಕ್ಕೂ ಇದ್ದಷ್ಟೂ ಹತ್ತುವಾಗ ಗಾಡಿ ಹಿಂದಕ್ಕೆ ಪಲ್ಟಿಯಾಗುವುದು ಕಡಿಮೆ. ಈಗ ಒಂದು ಲೆಕ್ಕ. ಗಾಡಿ 2400 ಗ್ರಾಂ, ತೂಕ ಮುಂದೆ ಹಿಂದೆ ಸಮಪಾಲು, ಕೇಂದ್ರ 90 ಮಿ.ಮೀ. ಎತ್ತರ, ಎರಡು ಆಕ್ಸಲ್‌ಗಳ (ಚಕ್ರಗಳ ಅಚ್ಚು) ನಡುವೆ 313 ಮಿ.ಮೀ. ಅಂತ ಹಿಡಿಯೋಣ. ಮುಂದಿನ ಆಕ್ಸಲ್‌ಗೆ 200 ಗ್ರಾಂ ಹಿತ್ತಾಳೆ ಭಾಗಗಳನ್ನು ಸೇರಿಸಿದರೆ ಮುಂದಿನ ಪಾಲು ಸುಮಾರು ಶೇ. 54 ಆಗುತ್ತದೆ. ಆಕ್ಸಲ್ ಎತ್ತರ 55 ಮಿ.ಮೀ. ಇದ್ದರೆ ಕೇಂದ್ರ 87ರ ಹತ್ತಿರಕ್ಕೆ ಇಳಿಯುತ್ತದೆ. ಅದರ ಬದಲು, ಇರುವ 250 ಗ್ರಾಂ ಬ್ಯಾಟರಿಯನ್ನೇ 150 ಮಿ.ಮೀ. ಮುಂದಕ್ಕೆ ಸರಿಸಿ 40 ಮಿ.ಮೀ. ಕೆಳಗಿಳಿಸಿ ನೋಡಿ. ಮುಂದೆ ಶೇ. 55, ಕೇಂದ್ರ ಸುಮಾರು 86! ಹಿತ್ತಾಳೆಗಿಂತ ಒಳ್ಳೆಯ ಫಲ, ಅದೂ ಒಂದು ಗ್ರಾಂ ಸೇರಿಸದೆ. ಈ ಲೆಕ್ಕ ಹಾಕಿದ ದಿನ ನನಗೆ ನಗು ಬಂತು, ಯಾಕಂದ್ರೆ ಹಿತ್ತಾಳೆ ಆಗಲೇ ತರಿಸಿಕೊಂಡಿದ್ದೆ.

ಹಾಗಂತ ಹಿತ್ತಾಳೆ ದಂಡ ಅಲ್ಲ. ಆಕ್ಸಲ್ ಸ್ಪ್ರಿಂಗ್‌ನ ಕೆಳಗಿದೆ. ಮೇಲಿನ ಚಾಸಿ ವಾಲಿದರೂ ಅಲ್ಲಿನ ತೂಕ ಚಕ್ರದ ಜೊತೆಗೇ ಇರುತ್ತದೆ. ಮುಂದಿನ ನಕಲ್‌ಗಳಿಗೆ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಭಾಗ) ಹಾಕಿದರೆ ಚೆನ್ನ. ಹಿಂದಿನ ಆಕ್ಸಲ್‌ಗೆ ಹಾಕಿದರೆ ಕಡಿದಾದ ಬಂಡೆಯಲ್ಲಿ ಅದೇ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ.

ಟೈರ್

ಕ್ರಾಲರ್ ಟೈರಿನಲ್ಲಿ ಗಾಳಿ ತುಂಬುವುದಿಲ್ಲ. ಒಳಗಿನ ಫೋಮ್ ಆಕಾರ ಹಿಡಿಯುತ್ತದೆ, ಅದು ಅಮುಕಿದಾಗ ಗಾಳಿ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಗಾಡಿಯ ಭಾರಕ್ಕೆ ಟೈರ್ ಕಲ್ಲಿನ ಅಂಚನ್ನು ಸುತ್ತಿ ಹಿಡಿಯಬೇಕು. ಹೆಬ್ಬೆರಳಲ್ಲಿ ಒತ್ತಿ ನೋಡಿ: ಚೆಂಡಿನ ಹಾಗೆ ಪುಟಿದರೆ ಫೋಮ್ ಗಟ್ಟಿ, ರಿಮ್‌ವರೆಗೆ ಸಲೀಸಾಗಿ ಕುಸಿದರೆ ತೀರಾ ಮೆದು. ಒಳಗೆ ಗಟ್ಟಿ, ಹೊರಗೆ ಮೆದು ಇರುವ ಎರಡು ಪದರದ ಫೋಮ್ ನನಗೆ ಹಿಡಿಸಿದೆ. ಪಕ್ಕಕ್ಕೆ ವಾಲಿದ ಇಳಿಜಾರಿನಲ್ಲಿ ಒಳಗಿನ ಪದರ ಭಾರ ತಡೆಯುತ್ತದೆ.

ಬೀಡ್‌ಲಾಕ್ ರಿಮ್ ತಗೊಳ್ಳಿ. ಅದರಲ್ಲಿ ಟೈರನ್ನು ಅಂಟಿಸುವುದಿಲ್ಲ, ಉಂಗುರವೊಂದು ಸ್ಕ್ರೂಗಳಿಂದ ಅದುಮಿ ಹಿಡಿಯುತ್ತದೆ. ಹಾಗಾಗಿ ಫೋಮ್ ಬದಲಿಸಿ ಬದಲಿಸಿ ನೋಡಬಹುದು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಇಲ್ಲದಿದ್ದರೆ ಉಂಗುರ ಓರೆಯಾಗಿ ಕೂತು ಚಕ್ರ ಅಲುಗಾಡುತ್ತದೆ.

ಗೇರ್, ಓವರ್‌ಡ್ರೈವ್

15 ಹಲ್ಲಿನ ಪಿನಿಯನ್ (ಮೋಟರ್‌ಗೆ ಕೂರುವ ಚಿಕ್ಕ ಗೇರ್) ತೆಗೆದು 13 ಹಲ್ಲಿನದು ಹಾಕಿದರೆ ವೇಗ ಸುಮಾರು ಶೇ. 13 ಇಳಿಯುತ್ತದೆ, ಚಕ್ರಕ್ಕೆ ಸಿಗುವ ತಿರುಚು ಬಲ ಶೇ. 15ರಷ್ಟು ಏರುತ್ತದೆ. ಪಿನಿಯನ್ ಚಿಕ್ಕದಾಯಿತಲ್ವಾ, ಮೋಟರನ್ನು ಸ್ಪರ್ ಗೇರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಕಡೆಗೆ ಸರಿಸಬೇಕು. ಎರಡರ ನಡುವೆ ಒಂದು ಕಾಗದದ ಚೂರು ಸಿಕ್ಕಿಸಿ, ಒತ್ತಿ, ಮೋಟರ್ ಸ್ಕ್ರೂ ಬಿಗಿ ಮಾಡಿ, ಕಾಗದ ಎಳೆದುಬಿಡಿ. ಕಾಗದ ಹರಿಯದೆ ಮಡಿಕೆ ಮಡಿಕೆಯಾಗಿ ಬಂದರೆ ಸರಿ.

ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ಜಾಸ್ತಿ ತಿರುಗುವಂತೆ ಗೇರ್ ಬದಲಿಸುವುದೇ ಓವರ್‌ಡ್ರೈವ್. ತಿರುವಿನಲ್ಲಿ ಮುಂದಿನ ಚಕ್ರಗಳು ಹೇಗೂ ದೊಡ್ಡ ಸುತ್ತು ಹೊಡೆಯುತ್ತವೆ, ಅದಕ್ಕೇ ಓವರ್‌ಡ್ರೈವ್ ಇದ್ದರೆ ಗಾಡಿ ಬಿಗಿಯಾಗಿ ತಿರುಗುತ್ತದೆ. ಕಲಿಯುವ ಹಂತದಲ್ಲಿ ಇದಕ್ಕೆ ಅವಸರ ಬೇಡ.

ಸ್ಟಿಯರಿಂಗ್ ಸರ್ವೊ

ಎರಡು ಕಲ್ಲುಗಳ ನಡುವೆ ಚಕ್ರ ಸಿಕ್ಕಿಕೊಂಡಿತ್ತು. ನಾನು ಸುಮ್ನೆ ಸ್ಟಿಯರಿಂಗ್ ತಿರುಗಿಸುತ್ತಲೇ ಇದ್ದೆ. ಕಟಕಟ ಸದ್ದು ಬಂತು, ಸರ್ವೊ (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಸಣ್ಣ ಮೋಟರ್) ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಪುಡಿ. ಈಗಿರುವುದು ಲೋಹದ ಗೇರಿನ 25 ಕೆ.ಜಿ. ಸರ್ವೊ (ಇದು ತೂಕವಲ್ಲ, ಒಂದು ಸೆಂ.ಮೀ. ಉದ್ದದ ತೋಳಿನ ತುದಿಯಲ್ಲಿ ಎಳೆಯುವ ಬಲ). ಇಂಥದ್ದು ಒತ್ತಡದಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ರಿಸೀವರ್ (ರಿಮೋಟ್‌ನ ಸಂಕೇತ ಹಿಡಿಯುವ ಪೆಟ್ಟಿಗೆ) ದೀಪ ಆರಿ ಹತ್ತಿದರೆ, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಒಳಗಿನ ಬಿಇಸಿಗೆ (ರಿಸೀವರ್‌ಗೂ ಸರ್ವೊಗೂ ಕರೆಂಟ್ ಕೊಡುವ ಭಾಗ) ಅಷ್ಟು ಕರೆಂಟ್ ಕೊಡಲು ಆಗುತ್ತಿಲ್ಲ ಎಂದು ಅನುಮಾನಿಸಿ. ಆಗ ಹೊರಗಿನಿಂದ ಬೇರೆ ಬಿಇಸಿ ಹಾಕಬೇಕು.

ಪೂರ್ತಿ ತಿರುಗಿಸಿ ಹಿಡಿದಾಗ ಸರ್ವೊ ಗುಂಯ್ ಅಂದರೆ, ನಕಲ್ ಕೊನೆ ಮುಟ್ಟಿದ ಮೇಲೂ ಅದು ತಳ್ಳುತ್ತಿದೆ. ಹಾಗೇ ಬಿಟ್ಟರೆ ಸುಟ್ಟುಹೋಗುತ್ತದೆ. ರಿಮೋಟ್‌ನಲ್ಲಿ ಎಂಡ್‌ಪಾಯಿಂಟ್ (ಸರ್ವೊ ಎಲ್ಲಿಯವರೆಗೆ ತಿರುಗಬೇಕೆಂಬ ಮಿತಿ) ಇಳಿಸುತ್ತಾ ಬನ್ನಿ, ಸದ್ದು ನಿಂತ ಜಾಗದಲ್ಲಿ ಬಿಡಿ. ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಮಾಡಬೇಕು, ಎರಡೂ ಒಂದೇ ಅಂಕಿಗೆ ನಿಲ್ಲುವುದು ಅಪರೂಪ.