13 ವರ್ಷದ ಗೆರೆ ಎಳೆದವರು ಯಾರು?

ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಲ್ಲೂ ಅಷ್ಟೇ. ಮಕ್ಕಳ ಮನಸ್ಸು ಬಲ್ಲವರು ಕೂತು ಲೆಕ್ಕ ಹಾಕಿ ಇಟ್ಟ ವಯಸ್ಸು ಇದು ಅಂತ ಅನ್ನಿಸಬಹುದು. ಇದರ ಬೇರು ಇರುವುದು ಜಾಹೀರಾತಿನಲ್ಲಿ.

1990ರ ದಶಕದಲ್ಲಿ ಅಮೆರಿಕದ ಕೆಲವು ವೆಬ್‌ಸೈಟುಗಳು ಜಾಹೀರಾತಿನವರಿಗೆ ಬೇಕೆಂದು, ಆಟ, ಸ್ಪರ್ಧೆ ಅಂತ ಪುಟ್ಟ ಮಕ್ಕಳಿಂದ ಹೆಸರು, ವಿಳಾಸ, ಮನೆಯ ವಿವರ ಎಲ್ಲ ಕೇಳಿ ಪಡೆಯುತ್ತಿದ್ದವು. ಅದಕ್ಕೆ ಕಡಿವಾಣ ಹಾಕಲು 1998ರಲ್ಲಿ ಆನ್‌ಲೈನ್‌ನಲ್ಲಿ ಮಕ್ಕಳ ಖಾಸಗಿತನ ಕಾಯುವ ‘ಕೊಪ್ಪಾ’ ಎಂಬ ಕಾನೂನು ಬಂತು. 13ಕ್ಕಿಂತ ಚಿಕ್ಕವರ ಮಾಹಿತಿ ಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಕೇಳಬೇಕು ಎಂದಿತು. ಮಸೂದೆಯ ಹಿಂದಿದ್ದ ಸಂಸದ ಎಡ್ ಮಾರ್ಕಿ ಅವರಿಗೆ ಬೇಕಿದ್ದದ್ದು 16. ಅಷ್ಟಕ್ಕೆ ಬೆಂಬಲ ಸಿಗದೆ 13ಕ್ಕೆ ಒಪ್ಪಿಕೊಂಡೆ ಎಂದು ಅವರೇ ಆಮೇಲೆ ಹೇಳಿದ್ದಾರೆ.

ಆ ಕಾನೂನಿನಲ್ಲಿ ಒಂದು ಸಂದು ಇತ್ತು. ಎಲ್ಲರೂ ಬಳಸುವ ತಾಣವಾದರೆ, ಎದುರಿಗಿರುವುದು ಮಗು ಎಂದು ಕಂಪನಿಗೆ ‘ಖಚಿತವಾಗಿ ಗೊತ್ತಿದ್ದರೆ’ ಮಾತ್ರ ಹೊಣೆ. ಹಾಗಾದರೆ ಗೊತ್ತು ಮಾಡಿಕೊಳ್ಳುವುದೇ ಯಾಕೆ, ಅಲ್ವಾ? 13ಕ್ಕಿಂತ ಕೆಳಗಿನವರಿಗೆ ಪ್ರವೇಶವಿಲ್ಲ ಎಂದು ಷರತ್ತಿನಲ್ಲಿ ಬರೆದು, ಹುಟ್ಟಿದ ದಿನಾಂಕ ಕೇಳಿ, ಮಗು ಹಾಕಿದ್ದನ್ನು ನಂಬಿದರೆ ಆಯಿತು. ಹತ್ತು ವರ್ಷದವರು ಸುಮ್ನೆ ಇಸವಿ ಬದಲಿಸಿ ಒಳಗೆ ಹೋದರು. ಬಳಕೆದಾರರು ಹಾಕಿದ್ದಕ್ಕೆ ತಾಣವನ್ನು ದೂರುವಂತಿಲ್ಲ ಎಂಬ ರಕ್ಷಣೆ 1996ರಿಂದಲೇ ಅಮೆರಿಕದ ಕಂಪನಿಗಳಿಗೆ ಇತ್ತು. ನಮ್ಮ ಐಟಿ ಕಾಯ್ದೆಯ 79ನೇ ಸೆಕ್ಷನ್ನೂ ಕೆಲವು ಷರತ್ತುಗಳೊಂದಿಗೆ ಹೆಚ್ಚುಕಡಿಮೆ ಅದನ್ನೇ ಕೊಡುತ್ತದೆ. ಹೊಣೆ ಹೊರಲು ಉಳಿದವರು ಯಾರು? ಹೆತ್ತವರು.

ಈ ಲೆಕ್ಕ ಮೊದಲು ಜೋರಾಗಿ ಅಲುಗಾಡಿದ್ದು ಲಂಡನ್ನಿನ ಒಂದು ವಿಚಾರಣೆಯಲ್ಲಿ. 14 ವರ್ಷದ ಮಾಲಿ ರಸೆಲ್ 2017ರ ನವೆಂಬರ್‌ನಲ್ಲಿ ತೀರಿಕೊಂಡಳು. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಲೈಕ್ ಮಾಡಿದ, ಶೇರ್ ಮಾಡಿದ, ಉಳಿಸಿಕೊಂಡ ಪೋಸ್ಟುಗಳು ಸುಮಾರು 16,300. ಅವುಗಳಲ್ಲಿ 2,100ರಷ್ಟು ಖಿನ್ನತೆ, ತನಗೆ ತಾನೇ ಹಾನಿ ಮಾಡಿಕೊಳ್ಳುವುದು ಮತ್ತು ಆತ್ಮಹತ್ಯೆಗೆ ಸಂಬಂಧಿಸಿದವು. ಎಲ್ಲವನ್ನೂ ಅವಳೇ ಹುಡುಕಿಕೊಂಡು ಹೋಗಿರಲಿಲ್ಲ. ತಾಣಗಳ ಅಲ್ಗಾರಿದಂ ಕೇಳದೆಯೇ ತಂದು ಮುಂದಿಟ್ಟಿದ್ದೂ ಇತ್ತು. ಅವಳು ಬಳಸುತ್ತಿದ್ದ ಇನ್ನೊಂದು ತಾಣ ಪಿಂಟರೆಸ್ಟ್‌ನ ಅಧಿಕಾರಿಯೊಬ್ಬರು ಆಗ ತಮ್ಮ ತಾಣ ಸುರಕ್ಷಿತವಾಗಿರಲಿಲ್ಲ ಎಂದು ಸಾಕ್ಷಿ ಹೇಳುವಾಗ ಒಪ್ಪಿಕೊಂಡರು. ಈ ಸಾವಿಗೆ ಖಿನ್ನತೆಯ ಜೊತೆ ಆನ್‌ಲೈನ್ ವಿಷಯಗಳ ಕೆಟ್ಟ ಪರಿಣಾಮವೂ ಕಾರಣ ಎಂದು 2022ರ ಸೆಪ್ಟೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ದಾಖಲಿಸಿದರು. ಮರುವರ್ಷವೇ ಬ್ರಿಟನ್ ಆನ್‌ಲೈನ್ ಸುರಕ್ಷತಾ ಕಾಯ್ದೆ ತಂದಿತು. ತಪ್ಪಿದ ಕಂಪನಿಗೆ ಜಗತ್ತಿನಾದ್ಯಂತ ಬರುವ ಆದಾಯದ ಶೇ 10ರವರೆಗೆ ದಂಡ.

ಅದೇ 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯಾಧಿಕಾರಿ, ಒಂದು ಎಚ್ಚರಿಕೆ ಹೊರಡಿಸಿದರು. ಅವರು ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಹೊತ್ತು ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಿಗೆ ಮಾನಸಿಕ ತೊಂದರೆಯ ಅಪಾಯ ಎರಡು ಪಟ್ಟು ಎಂಬ ಮಾತು ಸುದ್ದಿಯಾಯಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಮಾತು: ಈ ಭಾರವನ್ನೆಲ್ಲ ಇಷ್ಟು ದಿನ ಹೆತ್ತವರ ಮತ್ತು ಮಕ್ಕಳ ಮೇಲೇ ಹೊರಿಸಿದ್ದೇವೆ ಎಂದು ಅವರು ಹೇಳಿದ್ದು.

ಆಸ್ಟ್ರೇಲಿಯ ಆ ಭಾರವನ್ನು ಪೂರ್ತಿ ಎತ್ತಿ ಕಂಪನಿಗಳ ಮೇಲಿಟ್ಟಿತು. 2025ರ ಡಿಸೆಂಬರ್ 10ರಿಂದ ಅಲ್ಲಿ 16ರೊಳಗಿನವರಿಗೆ ಖಾತೆ ಇಲ್ಲ. ತಡೆಯಲು ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮಕ್ಕಳಿಗೂ ಹೆತ್ತವರಿಗೂ ದಂಡ ಇಲ್ಲ. ಅಪ್ಪ ಅಮ್ಮ ಒಪ್ಪಿದರೂ ಖಾತೆ ಸಿಗುವುದಿಲ್ಲ. ಮಕ್ಕಳು ಕಳ್ಳದಾರಿ ಹುಡುಕುತ್ತಾರೆ, ವಯಸ್ಸು ಪರೀಕ್ಷೆಯ ಹೆಸರಲ್ಲಿ ಎಲ್ಲರ ಮುಖ, ದಾಖಲೆ ಕಂಪನಿಗಳ ಕೈ ಸೇರುತ್ತದೆ ಎಂಬ ತಕರಾರುಗಳಿವೆ. ಅವು ಸುಳ್ಳಲ್ಲ.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದು ‘ಶಟ್’ ಕ್ಲಿನಿಕ್ ತೆರೆದಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟ್, ಮದ್ಯಕ್ಕೆ ಇರುವಂತೆ ಸೋಷಿಯಲ್ ಮೀಡಿಯಾಕ್ಕೂ ವಯಸ್ಸಿನ ಮಿತಿ ಇರಲಿ ಎಂದಿತು. ಅದು ಆದೇಶವಾಗಿರಲಿಲ್ಲ, ಬಾಯಿಮಾತಿನ ಅಭಿಪ್ರಾಯ. 13ರೊಳಗಿನವರಿಗೆ ನಿಷೇಧ ಕೇಳಿದ ಅರ್ಜಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಇದು ನೀತಿಯ ವಿಷಯ, ಸರ್ಕಾರವನ್ನು ಕೇಳಿ ಎಂಬ ಉತ್ತರ ಬಂತು.

ಸರ್ಕಾರದ ಕಾನೂನು ಎಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ಪ್ರಕಾರ 18 ತುಂಬುವವರೆಗೂ ಮಗುವೇ. ಮಕ್ಕಳ ಚಲನವಲನ ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ದಂಡ ₹200 ಕೋಟಿವರೆಗೆ. ಅಮೆರಿಕಕ್ಕಿಂತ ಬಿಗಿ, ನಿಜ. ಆದರೆ ಬಾಗಿಲಿನ ಬೀಗ ಮಾತ್ರ ಮತ್ತೆ ಹೆತ್ತವರ ಒಪ್ಪಿಗೆಯೇ. ಎಷ್ಟೋ ಮನೆಗಳಲ್ಲಿ ಅಮ್ಮನ ಫೋನಿಗೆ ಬಂದ ಓಟಿಪಿ ಓದಿ ಹೇಳುವುದೇ ಮಗಳು. ಅಪ್ಪನಿಗೆ ಖಾತೆ ತೆರೆದುಕೊಟ್ಟಿದ್ದೂ ಅವಳೇ ಇರಬಹುದು. ಅಲ್ಲಿ ಒಪ್ಪಿಗೆ ಕೊಟ್ಟವರು ಯಾರು ಎಂದು ಹೇಗೆ ಹೇಳುವುದು?

ಇದೇ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ಇನ್ನೊಂದು ಸಾಲಿದೆ. ಮಗುವಿನ ಒಳಿತಿಗೆ ಧಕ್ಕೆ ತರುವಂತೆ ಅದರ ಮಾಹಿತಿಯನ್ನು ಕಂಪನಿ ಬಳಸಬಾರದು ಎನ್ನುತ್ತದೆ ಅದು. ಮಾಲಿಯ ಫೀಡ್‌ನಲ್ಲಿ ಆದದ್ದಕ್ಕೆ ಹತ್ತಿರವಾದ ಮಾತು ಇದು. ಒಪ್ಪಿಗೆ ಇದ್ದರೂ ಈ ಹೊಣೆ ಕಂಪನಿಯದ್ದೇ. ಉಲ್ಲಂಘನೆ ಆಯಿತೋ ಇಲ್ಲವೋ ಎಂದು ತೀರ್ಮಾನಿಸಬೇಕಾದದ್ದು ದತ್ತಾಂಶ ಸಂರಕ್ಷಣಾ ಮಂಡಳಿ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳಿಗೆ ಕೊಟ್ಟ ಗಡುವು 18 ತಿಂಗಳು. ಅಂದರೆ ಆ ಸಾಲನ್ನು ಹಿಡಿದು ಯಾರಾದರೂ ದೂರು ಕೊಡಬೇಕಾದರೆ 2027ರ ಮೇವರೆಗೆ ಕಾಯಬೇಕು.